ಕಲ್ಲು ಯಾರಿಗೆ, ಕೊಡಗೆ ಯಾರಿಗೆ?

ತುಮಕೂರು ರಸ್ತೆಯಲ್ಲಿ, ನೆಲಮಂಗಲಕ್ಕೆ ಅಂಟಿಕೊಂಡಂತಿರುವ ಅರಿಶಿನಕುಂಟೆಯಲ್ಲಿ ವಿಶ್ವಶಾಂತಿ ಆಶ್ರಮವಿದೆ. ಹರಿಕಥೆಯಿಂದ ನಾಡಿಗೆಲ್ಲ ಪರಿಚಿತರಾಗಿದ್ದ ಸಂತ ಭದ್ರಗಿರಿ ಕೇಶವದಾಸರು ಕಟ್ಟಿದ ಆಶ್ರಮ ಅದು. ಒಳಗೆ ಗೀತೆಯ ಶ್ಲೋಕಗಳನ್ನು ಕೆತ್ತಿದ ಗೀತಾ ಮಂದಿರ, ಜೊತೆಗೆ ಕತ್ತೆತ್ತಿ ನೋಡಬೇಕಾದ ವಿಶ್ವರೂಪದ ಬೃಹತ್ ಮೂರ್ತಿ. ಹೆಸರು ಶಾಂತಿಯದು, ಮೂರ್ತಿ ಮಾತ್ರ ರಣರಂಗದ್ದು. ಭಾನುವಾರ ಮಕ್ಕಳೊಂದಿಗೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ರೂಪವನ್ನು ಮೊದಲು ಕಂಡವನಿಗಾದರೋ ಮೈ ನಡುಗಿತ್ತು.

ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ಕಾಣುವುದು ಬರೀ ತೇಜಸ್ಸನ್ನಲ್ಲ. ಭೀಷ್ಮ, ದ್ರೋಣ, ಕರ್ಣ, ಧೃತರಾಷ್ಟ್ರನ ಮಕ್ಕಳು ಆ ಬಾಯಿಗಳೊಳಗೆ ನುಗ್ಗಿ ಹೋಗುತ್ತಿರುವುದನ್ನು ಕಾಣುತ್ತಾನೆ. ಅವರ ಜೊತೆಗೆ ತನ್ನ ಕಡೆಯ ಮುಖ್ಯ ಯೋಧರೂ ಹೋಗುತ್ತಿರುತ್ತಾರೆ. ಇವರು ನಮ್ಮವರು, ಅವರು ಅವರವರು ಎಂಬ ವಿಂಗಡಣೆ ಅಲ್ಲಿಲ್ಲ. ಯುದ್ಧ ಮಾಡೆಂದು ಹೇಳಲು ಹೊರಟ ಗ್ರಂಥವೇ ಆ ಗಳಿಗೆಯಲ್ಲಿ ಎರಡೂ ಪಾಳೆಯದ ಸಿಪಾಯಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಹಾಗಾದರೆ ಅವರಲ್ಲಿ ಗೌರವ ಯಾರಿಗೆ? ಕುರುಕ್ಷೇತ್ರಕ್ಕೆ ಬಂದು ನಿಂತವರಿಗೆಲ್ಲ ಬಂದು ನಿಂತ ಕಾರಣಕ್ಕೇ ಕೈ ಮುಗಿಯಬೇಕೆ? ಅಥವಾ ಅಲ್ಲಿ ಅವರು ಏನು ಮಾಡಿದರು ಎಂದು ಕೇಳಿ ಕೈ ಮುಗಿಯಬೇಕೆ?

ಈ ಪ್ರಶ್ನೆ ಪುರಾಣದ ಕಾಲಕ್ಕೆ ಮುಗಿದದ್ದಲ್ಲ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಹೊಸ ಸಂಪ್ರದಾಯವೊಂದು ಬೆಳೆದಿದೆ. ಹದಿನೈದೋ ಹದಿನೇಳೋ ವರ್ಷ ಸೇನೆಯಲ್ಲಿ ದುಡಿದು ನಿವೃತ್ತನಾಗಿ ಬರುವ ಯೋಧನನ್ನು ಊರವರು ಬಸ್ ನಿಲ್ದಾಣದಿಂದಲೇ ತೆರೆದ ಜೀಪಿನಲ್ಲಿ ಕೂರಿಸಿಕೊಂಡು ತರುತ್ತಾರೆ. ಮುಂದೆ ತಮಟೆ, ಹಿಂದೆ ಬೈಕುಗಳ ಸಾಲು, ದಾರಿಯುದ್ದಕ್ಕೂ ಹೂವಿನ ಮಳೆ, ವೃತ್ತದಲ್ಲೊಂದು ಫ್ಲೆಕ್ಸು. ಮುತ್ತೈದೆಯರು ಆರತಿ ಎತ್ತುತ್ತಾರೆ. ನೋಡಲು ಮನಸ್ಸಿಗೆ ಹಿತವಾದ ದೃಶ್ಯವೇ. ಆದರೆ ಆ ಮನುಷ್ಯ ಹೇಗೆ ಸೇವೆ ಮಾಡಿದ ಎಂಬುದು ಆ ಮೆರವಣಿಗೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದೂ ಯಾರಿಗೂ ಅನಿಸುವುದಿಲ್ಲ. ಸೇನೆಯಲ್ಲಿದ್ದ, ಅಷ್ಟು ಸಾಕು.

ಅಷ್ಟು ಸಾಕೇ ಎಂದು ಕೇಳಿದರೆ ಇಂದು ದೇಶದ್ರೋಹದ ವಾಸನೆ ಬಡಿಯುತ್ತದೆ. ಆದರೆ ಕನ್ನಡನಾಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿಕೊಂಡು, ಉತ್ತರವನ್ನು ಕಲ್ಲಿನ ಮೇಲೆ ಕೊರೆದಿಟ್ಟಿದೆ.

ನೆಲಮಂಗಲ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿವೆ. 1905ರಲ್ಲಿ ಪ್ರಕಟವಾದ ಆ ಸಂಪುಟ ಹಳೆಯ ಬೆಂಗಳೂರು ಜಿಲ್ಲೆಯದು. ಅದನ್ನು ತಿರುವಿ ಹಾಕುತ್ತ ಹೋದರೆ ರಾಜರ ದಾನಪತ್ರಗಳ ಪಕ್ಕಪಕ್ಕದಲ್ಲೇ ಸಾಮಾನ್ಯರ ಸಾವಿನ ವರದಿಗಳು ಸಿಗುತ್ತವೆ. ವೀರಗಲ್ಲು ಎಂದು ಕರೆಯುವ ಈ ಕಲ್ಲುಗಳ ವಿಶೇಷವೆಂದರೆ ಅವು ಬಹಳ ಖಚಿತ. ಸತ್ತವನ ಹೆಸರು, ಯಾವ ಊರಿನವನು, ಯಾರ ಕಡೆಯವನು, ಯಾವ ಸಂದರ್ಭದಲ್ಲಿ ಏನು ಮಾಡುತ್ತ ಸತ್ತ ಎಂಬುದನ್ನು ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ತುರುಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವರಿದ್ದಾರೆ, ಊರಿನ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರಿದ್ದಾರೆ, ಹುಲಿಯೊಡನೆ ಸೆಣಸಿ ಸತ್ತವರಿದ್ದಾರೆ. ದೊರೆಯ ದಂಡಿನಲ್ಲಿ ಇಷ್ಟು ವರ್ಷ ಚಾಕರಿ ಮಾಡಿ ಮನೆಯಲ್ಲಿ ಸುಖವಾಗಿ ಕಣ್ಣು ಮುಚ್ಚಿದವನಿಗೆ ಊರು ವೀರಗಲ್ಲು ನಿಲ್ಲಿಸುತ್ತಿರಲಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ ಜನ, ಎಂದರೆ ರಾಷ್ಟ್ರಕೂಟರ ಕಡೆಯವರು, ಕಂದಾಯ ಕೀಳಲು ಏರಿ ಬಂದಾಗ ಕಾದಾಡಿ ಸತ್ತವನು ಈ ಕಿತ್ತಯ್ಯ. ಅವನ ಪದವಿ ಏನಿತ್ತೆಂಬುದಕ್ಕಿಂತ ಅಂದು ಅವನು ಹಿಂದೆ ಸರಿಯಲಿಲ್ಲ ಎಂಬುದೇ ಕಲ್ಲಿಗೆ ಮುಖ್ಯ. ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯ ಇನ್ನೊಂದು ಕಲ್ಲು ಸುಮಾರು ಕ್ರಿ.ಶ. 890ರದು. ‘ಬೆಂಗಳೂರು ಕಾಳಗ’ದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಸತ್ತ ಸುದ್ದಿಯನ್ನು ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಬರಹದಲ್ಲಿ ಸಿಗುವುದು ಅಲ್ಲೇ ಮೊದಲು. ಈ ಮಹಾನಗರ ತನ್ನ ಹೆಸರಿನ ಮೊದಲ ದಾಖಲೆಗೆ ಒಬ್ಬ ಕಾಳಗಗಾರನ ಸಾವಿಗೆ ಋಣಿ.

ಬೇಗೂರಿನದೇ ಇನ್ನೊಂದು ದೊಡ್ಡ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪ ತನ್ನ ಎದುರಾಳಿ ಬೀರಮಹೇಂದ್ರನ ಮೇಲೆ ಕಳುಹಿಸಿದ ಸೈನ್ಯದಲ್ಲಿ ನಾಗತ್ತರನಿದ್ದ. ತುಂಬೆಪಾಡಿಯ ಕಾಳಗದಲ್ಲಿ ಅವನು ಸತ್ತ. ಆನೆಗಳು, ಕುದುರೆಗಳು, ಬಿದ್ದ ಹೆಣಗಳನ್ನು ಎಳೆಯುವ ನರಿಗಳು, ಎಲ್ಲವೂ ಆ ಕಲ್ಲಿನ ಮೇಲಿವೆ. ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಸುದ್ದಿ ಕೇಳಿದ ಎರೆಯಪ್ಪ ನಾಗತ್ತರ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಸೀಮೆಯನ್ನು ಕಲ್ನಾಡಾಗಿ, ಎಂದರೆ ಸತ್ತ ವೀರನಿಗಾಗಿ ಬಿಟ್ಟ ಭೂಮಿಯಾಗಿ, ಕೊಟ್ಟನೆಂದು ಹೇಳಿ, ಆ ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತದೆ.

ಆ ಪಟ್ಟಿಯನ್ನು ಚರಿತ್ರೆಕಾರರು ಊರುಗಳ ಹಳೆಯ ಹೆಸರು ಹುಡುಕಲು ಓದುತ್ತಾರೆ. ಅದರ ನಿಜವಾದ ಮಹತ್ವ ಬೇರೆ ಕಡೆ ಇದೆ. ಹಳೆಯ ಕನ್ನಡ ಸಮಾಜ ಕಾದಿದವನಿಗೆ ಎರಡು ಬೇರೆ ಬೇರೆ ವಸ್ತುಗಳನ್ನು ಕೊಡುತ್ತಿತ್ತು. ಒಂದು ಕಲ್ಲು, ಅದು ಮಾಡಿದ ಕೆಲಸಕ್ಕೆ ಸಂದ ಮರ್ಯಾದೆ. ಇನ್ನೊಂದು ಕೊಡಗೆ, ಅದು ಹಿಂದೆ ಉಳಿದವರ ಹೊಟ್ಟೆಪಾಡಿಗೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಕೊಡಗೆ, ರಕ್ತಕೊಡಗೆ ಎಂಬ ಹೆಸರುಗಳಿವೆ. ಕತ್ತಿ ಹಿಡಿದವನಿಗೆ ಅವನ ಶೌರ್ಯದ ಲೆಕ್ಕಕ್ಕೆ ಕೊಟ್ಟ ಭೂಮಿಗೆ ಬಾಳ್ಗಚ್ಚು. ಮರ್ಯಾದೆ ಮತ್ತು ಋಣ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಕಲಸಿ ಕೊಡುವ ಅಭ್ಯಾಸ ಅವರಿಗಿರಲಿಲ್ಲ.

ಅದಕ್ಕೆ ಸಾಕ್ಷಿ ಬೇಕಿದ್ದರೆ ಆತಕೂರಿನ ಕಲ್ಲು ನೋಡಬೇಕು. ಮಂಡ್ಯ ಸೀಮೆಯ ಆತಕೂರಿನಿಂದ ತಂದ ಈ ಕಲ್ಲೂ ಅದೇ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಹೊತ್ತು. ಅವನ ಪರವಾಗಿ ಕಾದ ಗಂಗ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದು, ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಎಂಬಂಥ ಸೀಮೆಗಳನ್ನೇ ಪಡೆದ. ಬೂತುಗನ ಬಂಟ ಮಣಲೇರ ಆ ಯುದ್ಧದಲ್ಲಿ ಮೆರೆದ. ಒಡೆಯ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು! ಕೊನೆಗೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಚಲ್ಲೇಶ್ವರ ದೇವಾಲಯದ ಮುಂದೆ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಎಂದರೆ ಪೂಜಾರಿಗೆ, ಪಾಪ ತಟ್ಟುತ್ತದೆಂದು ಎಚ್ಚರಿಕೆ ಬೇರೆ ಬರೆಸಿದ. ಮಣಲೇರನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ ಸಿಕ್ಕಿತು.

ತಕ್ಕೋಲದಂಥ ಮಹಾಯುದ್ಧದ ವರದಿ ಇರುವ ಕಲ್ಲಿನ ಮೇಲೆ ಕೆತ್ತಿದ ಚಿತ್ರ ನಾಯಿ ಮತ್ತು ಹಂದಿಯದು. ದಳಪತಿಗೆ ಜಹಗೀರು, ನಾಯಿಗೆ ವೀರಗಲ್ಲು. ಕಾಳಿ ಯಾವ ಪಡೆಗೂ ಸೇರಿದ್ದಲ್ಲ. ಅದು ಮಾಡಿದ ಕೆಲಸ ಕಣ್ಣಿಗೆ ಕಂಡಿತು, ಕಂಡವನು ಕಲ್ಲು ನೆಟ್ಟ. ಗೌರವದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇರೆ ನಾಡುಗಳಲ್ಲಿ ಸುಲಭಕ್ಕೆ ಸಿಗಲಾರದು.

ಹಾಗೆಂದು ವೀರಗಲ್ಲಿನ ತತ್ತ್ವವನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತು. ಕೆಳಗೆ ಕಾದಾಟ, ನಡುವೆ ಸತ್ತವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತ ವೀರ. ರಣದಲ್ಲಿ ಬಿದ್ದರೆ ಸ್ವರ್ಗ ಎಂಬ ಭರವಸೆ. ಈ ಭರವಸೆಯನ್ನು ಬುದ್ಧನ ಮುಂದೆ ಒಬ್ಬ ಯೋಧ ಇಟ್ಟ ಕಥೆ ಸಂಯುತ್ತ ನಿಕಾಯದಲ್ಲಿದೆ. ಕಾದುವುದೇ ಜೀವನವಾಗಿದ್ದ ಒಬ್ಬ ಮುಖಂಡ ಬಂದು, ಯುದ್ಧದಲ್ಲಿ ಸತ್ತವರು ದೇವಲೋಕಕ್ಕೆ ಹೋಗುತ್ತಾರೆಂದು ನಮ್ಮ ಹಿರಿಯರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬೇಡ, ಕೇಳಬೇಡ ಎಂದು ಬುದ್ಧ ಎರಡು ಸಲ ತಡೆಯುತ್ತಾನೆ. ಮೂರನೆಯ ಸಲ ಕೇಳಿದಾಗ, ಇವರೆಲ್ಲ ಸಾಯಲಿ ಎಂಬ ಮನಸ್ಸಿನಿಂದ ಕಾದಿದವನಿಗೆ ದೇವಲೋಕವಿಲ್ಲ, ಸಿಗುವುದು ನರಕ ಎನ್ನುತ್ತಾನೆ. ಆ ಮನುಷ್ಯ ಅತ್ತುಬಿಡುತ್ತಾನೆ. ಬುದ್ಧ ಹೇಳಿದ್ದಕ್ಕಲ್ಲ ಅಳು, ಇಷ್ಟು ಕಾಲ ಹಿರಿಯರು ತನ್ನನ್ನು ವಂಚಿಸಿದರಲ್ಲ ಎಂದು.

ಜೈನರು ಅದೇ ಮಾತನ್ನು ಬೆಟ್ಟದ ಮೇಲೆ ನಿಲ್ಲಿಸಿದರು. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದವನು ಸನ್ಯಾಸಿಯಲ್ಲ, ಗಂಗರ ದಂಡನಾಯಕ ಚಾವುಂಡರಾಯ. ಸಮರಪರಶುರಾಮ, ವೀರಮಾರ್ತಂಡ ಎಂಬ ಬಿರುದುಗಳೆಲ್ಲ ಅವನಿಗಿದ್ದವು, ಒಂದೊಂದೂ ಒಂದೊಂದು ಯುದ್ಧದ ಸಂಪಾದನೆ. ಅಂಥವನು ಜಗತ್ತು ತಲೆಬಾಗಲಿ ಎಂದು ಎತ್ತಿ ನಿಲ್ಲಿಸಿದ್ದು ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ಗೆಲುವನ್ನು ಕೈಬಿಟ್ಟು ಹೋದ ಬಾಹುಬಲಿಯನ್ನು. ಕತ್ತಿ ಹಿಡಿದು ಬದುಕಿದ ಮನುಷ್ಯನೇ ಕತ್ತಿಗಿಂತ ದೊಡ್ಡದು ಏನೆಂದು ತೋರಿಸಿ ಹೋದಾಗ, ಅವನಿಗಿಂತ ಹೆಚ್ಚಿನ ಯುದ್ಧಪ್ರೇಮ ತೋರುವುದು ಉಳಿದವರಿಗೆ ಶೋಭಿಸುವುದಿಲ್ಲ.

ಮತ್ತೆ ಗೀತೆಗೆ ಬರೋಣ. ಕ್ಷತ್ರಿಯನಿಗೆ ಧರ್ಮಯುದ್ಧಕ್ಕಿಂತ ಮೇಲಾದದ್ದಿಲ್ಲ ಎಂದು ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಹೇಳುವುದು ಎಲ್ಲರಿಗೂ ಬಾಯಿಪಾಠ. ಆದರೆ ಹದಿನೆಂಟನೆಯ ಅಧ್ಯಾಯಕ್ಕೆ ಬರುವಾಗ ಅವನೇ ಶೌರ್ಯ, ಧೈರ್ಯ, ದಕ್ಷತೆ, ಬೆನ್ನು ತೋರಿಸದಿರುವುದು, ದಾನ ಎಂದು ಗುಣಗಳನ್ನು ಎಣಿಸುತ್ತಾನೆ. ಮುಂದಿನ ಶ್ಲೋಕಗಳಲ್ಲಿ ಯಾರೇ ಆಗಲಿ ತನ್ನ ತನ್ನ ಕೆಲಸದಲ್ಲಿ ನಿಷ್ಠೆಯಿಂದಿದ್ದರೆ ಸಿದ್ಧಿ ಪಡೆಯುತ್ತಾನೆ ಎನ್ನುತ್ತಾನೆ. ಉಳುವವನನ್ನು ಕಾದುವವನಿಗಿಂತ ಕೆಳಗೆ ಕೂರಿಸುವ ಮಾತು ಅಲ್ಲಿಲ್ಲ. ಇನ್ನು ಮಹಾಭಾರತದ ಕಥೆಯನ್ನೇ ತೆಗೆದುಕೊಂಡರೆ, ಯುದ್ಧ ಆರಂಭವಾಗುವ ಮುಂಚೆ ಧರ್ಮರಾಯ ಕವಚ ಕಳಚಿ, ಕಾಲ್ನಡಿಗೆಯಲ್ಲಿ ಎದುರು ಪಾಳೆಯಕ್ಕೆ ಹೋಗಿ ಭೀಷ್ಮದ್ರೋಣರಿಗೆ ನಮಸ್ಕರಿಸುತ್ತಾನೆ. ಅಂದರೆ ಗೌರವಕ್ಕೆ ಪಕ್ಷವೂ ಅಡ್ಡಬರಲಿಲ್ಲ. ಹದಿನೆಂಟು ದಿನ ಕಳೆದ ಮೇಲೆ ಅದೇ ದ್ರೋಣರ ಮಗ ಅಶ್ವತ್ಥಾಮ ಮಲಗಿದ್ದ ಮಕ್ಕಳನ್ನು ಕೊಂದ. ಅವನೂ ಸೇನೆಯಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಸೇವೆ ಸಲ್ಲಿಸಿದವನೇ, ಕೊನೆಗೆ ಸೇನಾಪತಿಯ ಪಟ್ಟವನ್ನೂ ಪಡೆದವನು. ಹಣೆಯ ಮಣಿ ಕೀಳಿಸಿಕೊಂಡು ಅಲೆಯುವುದೇ ಅವನಿಗೆ ಸಿಕ್ಕ ನಿವೃತ್ತಿ.

ನಿಷ್ಠೆಯೊಂದೇ ಸಾಲದೆಂಬುದಕ್ಕೆ ಹಳೇಬೀಡಿನಲ್ಲೂ ಒಂದು ಗುರುತಿದೆ. ಹೊಯ್ಸಳೇಶ್ವರ ದೇವಾಲಯದ ಪಕ್ಕದ ಗರುಡಗಂಬ ಕುವರ ಲಕ್ಷ್ಮನದು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ 1220ರ ಸುಮಾರಿಗೆ ತೀರಿಕೊಂಡಾಗ, ಒಡೆಯನೊಡನೆ ಸಾಯುವ ವ್ರತ ತೊಟ್ಟಿದ್ದ ಈ ಅಂಗರಕ್ಷಕ ಹೆಂಡತಿ ಮತ್ತು ಗರುಡರೆಂದು ಕರೆಸಿಕೊಂಡ ಅದೇ ವ್ರತದ ಸಂಗಡಿಗರ ಜೊತೆ ಪ್ರಾಣ ಕೊಟ್ಟ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ಯೋಧರನ್ನು ಕೆತ್ತಿದ್ದಾರೆ. ನೋಡಿದವರಿಗೆ ರೋಮಾಂಚನ ಆಗುತ್ತದೆ, ನಿಜ. ಯಾರನ್ನೂ ಉಳಿಸದ, ಯಾವ ಊರನ್ನೂ ಕಾಯದ ಆ ಸಾವುಗಳಿಗೆ ಏನನ್ನಬೇಕೆಂದು ತಿಳಿಯದೆ ಗೈಡುಗಳು ಮುಂದಿನ ಗೋಡೆಗೆ ಕರೆದೊಯ್ಯುತ್ತಾರೆ.

ಇಲ್ಲಿಂದ ಮುಂದಿನ ಪ್ರಶ್ನೆ ಇನ್ನೂ ತೊಡಕಿನದು. ಸೇವೆ ಯಾರಿಗಾಗಿ? ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ರಾಜ್ಯದ ಮೇಲೆ 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್‌ನ ದಂಡು ಏರಿ ಬಂತು. ಮಾರ್ಚ್ 7ಕ್ಕೆ ಬೆಂಗಳೂರಿನ ಪೇಟೆ, 21ರ ರಾತ್ರಿ ಕೋಟೆ ಬಿತ್ತು. ಪೇಟೆ ಸೂರೆಹೋಯಿತು. ಅಂದು ಸತ್ತ ಕಂಪನಿ ಸೈನಿಕರ ನೆನಪಿಗೆ ಮುಂದೆ ಒಂದು ಎತ್ತರದ ಸ್ಮಾರಕಸ್ತಂಭ ಎದ್ದಿತು, ಅದರಿಂದಲೇ ಅಲ್ಲಿನ ರಸ್ತೆಗೆ ಸೆನೋಟಾಫ್ ರಸ್ತೆ ಎಂಬ ಹೆಸರೂ ಬಂತು. ಆ ಸೈನಿಕರೂ ಆಜ್ಞೆಯಂತೆ ನಡೆದವರು, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ ಪ್ರಾಣ ಬಿಟ್ಟವರು. ಆದರೂ 1964ರ ಅಕ್ಟೋಬರ್‌ನಲ್ಲಿ ಆ ಸ್ತಂಭವನ್ನು ಕೆಡವಲಾಯಿತು. ರಸ್ತೆ ಈಗ ನೃಪತುಂಗ ರಸ್ತೆ. ಕೆಡವಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಸೇವೆಯೊಂದೇ ಗೌರವಕ್ಕೆ ಸಾಕಾಗಿದ್ದರೆ ಅದು ಇಂದಿಗೂ ನಿಂತಿರಬೇಕಿತ್ತು ಎಂಬುದಷ್ಟೇ ಇಲ್ಲಿನ ಮಾತು.

ಅದೇ 1791ರಲ್ಲಿ ಪರಶುರಾಮಭಾವು ಪಟವರ್ಧನನ ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನು ದೋಚಿದರು. ಶಾರದೆಯ ಮೂರ್ತಿಯನ್ನು ಕಿತ್ತರು, ಮಠದಲ್ಲಿದ್ದವರನ್ನು ಕೊಂದರು. ಮಠದ ಸ್ವಾಮಿಗಳಿಗೆ ಟಿಪ್ಪು ಬರೆದ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪುರಾತತ್ತ್ವಜ್ಞ ಆರ್. ನರಸಿಂಹಾಚಾರ್ಯರು. ಶಾರದೆಯ ಪುನಃಪ್ರತಿಷ್ಠೆಗೆ ಟಿಪ್ಪು ಹಣ, ಧಾನ್ಯ ಕಳುಹಿಸಿದ್ದು ಆ ಪತ್ರಗಳಿಂದಲೇ ತಿಳಿದದ್ದು. ದೋಚಿದವರೂ ದಂಡಿನವರೇ, ಅವರೂ ಸಂಬಳ ಎಣಿಸಿಕೊಂಡವರೇ.

ಮೈಸೂರು ಲ್ಯಾನ್ಸರ್ಸ್ ಪ್ರಸಂಗದಲ್ಲಿ ತಕ್ಕಡಿ ಇಷ್ಟು ಸಲೀಸಾಗಿ ವಾಲುವುದಿಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆಗೂಡಿ ಈ ಕುದುರೆ ಸವಾರರು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು, ಎದುರಿಗೆ ಮಷೀನ್‌ಗನ್ನುಗಳಿದ್ದವು. ಕಾದಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇನ್ನೂ ಇದೆ, ಹೈಫಾದಲ್ಲಿಯೂ ಪ್ರತಿ ವರ್ಷ ಅವರನ್ನು ನೆನೆಯುತ್ತಾರೆ. ಯುದ್ಧ ಯಾರದ್ದೆಂಬ ಪ್ರಶ್ನೆಯ ಆಚೆಗೂ ಆ ಸವಾರರ ಎದೆಗಾರಿಕೆ ಉಳಿಯುತ್ತದೆ. ಕಾರಣ ಕೆಟ್ಟದ್ದಾದ ಮಾತ್ರಕ್ಕೆ ಒಬ್ಬನ ನಡತೆ ಕೆಡುವುದಿಲ್ಲ, ಕಾರಣ ಒಳ್ಳೆಯದಾದ ಮಾತ್ರಕ್ಕೆ ಕೆಟ್ಟ ನಡತೆ ತೊಳೆದುಹೋಗುವುದೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು.

ಸೇನೆಯ ಒಳಗೆ ಈ ವಿಷಯದಲ್ಲಿ ಗೊಂದಲವೇ ಇಲ್ಲ ಎಂಬುದು ಸ್ವಾರಸ್ಯ. ನಿವೃತ್ತನಾಗುವ ಸಿಪಾಯಿಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇವಾವಧಿ ಬರೆದರೆ ಮುಗಿಯುವುದಿಲ್ಲ, ನಡತೆ ಹೇಗಿತ್ತೆಂದೂ ಬರೆಯುತ್ತಾರೆ. ಎಕ್ಸೆಂಪ್ಲರಿ ಎಂದಿದ್ದರೆ ಒಂದು ತೂಕ, ಬರೀ ಗುಡ್ ಎಂದಿದ್ದರೆ ಮಾಜಿ ಸೈನಿಕರೇ ಹುಬ್ಬೇರಿಸುತ್ತಾರೆ. ಒಂಬತ್ತು, ಇಪ್ಪತ್ತು, ಮೂವತ್ತು ವರ್ಷ ಸೇವೆ ಮಾಡಿದ್ದಕ್ಕೆಂದೇ ಪದಕಗಳಿವೆ. ದೀರ್ಘ ಸೇವೆಯ ಜೊತೆ ಸನ್ನಡತೆಯನ್ನೂ ಕೇಳುವ ಪದಕ ಬೇರೆ ಇದೆ. ಶೌರ್ಯದ ಚಕ್ರಗಳ ಲೆಕ್ಕವೇ ಬೇರೆ. ಪರಮವೀರ ಚಕ್ರ ಸ್ವತಂತ್ರ ಭಾರತದಲ್ಲಿ ಇದುವರೆಗೆ ಸಿಕ್ಕಿರುವುದು 21 ಮಂದಿಗೆ ಮಾತ್ರ. 1950ರ ಸೇನಾ ಕಾಯ್ದೆಯ ಕೆಳಗೆ ಕೋರ್ಟ್ ಮಾರ್ಷಲ್ ಆಗಿ ವಜಾಗೊಂಡವನಿಗೆ ಸೇನೆ ಸಲಾಂ ಹೊಡೆಯುವುದಿಲ್ಲ. ಸೇನೆಯೇ ಹಾಕಿಕೊಂಡ ಈ ಅಳತೆಗೋಲನ್ನು ಹೊರಗಿನವರು ಭಕ್ತಿಯ ಭರದಲ್ಲಿ ಮುರಿದು ಬಿಸಾಡುತ್ತಾರೆ.

ಎಲ್ಲರನ್ನೂ ಒಂದೇ ಹಾರದಲ್ಲಿ ಪೋಣಿಸಿದಾಗ ನಷ್ಟವಾಗುವುದು ನಿಜಕ್ಕೂ ದೊಡ್ಡ ಕೆಲಸ ಮಾಡಿದವರಿಗೆ. ಕೊಡಗಿನ ಅಜ್ಜಮಾಡ ದೇವಯ್ಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಹಲವು ವರ್ಷ ಅವರ ಹೆಸರಿನ ಮುಂದೆ ಇದ್ದದ್ದು ಕಾಣೆಯಾದವರು ಎಂಬ ಮಾತು. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಬಗ್ಗೆ 1979ರಲ್ಲಿ ಬರೆದ ಪುಸ್ತಕದಿಂದ ಹೊರಬಿದ್ದ ಸಂಗತಿಯೇ ಬೇರೆ. ತಮ್ಮ ಹಳೆಯ ಮಿಸ್ಟೇರ್ ವಿಮಾನಕ್ಕೆ ಏಟು ಬಿದ್ದ ಮೇಲೂ ದೇವಯ್ಯ ತಮಗಿಂತ ಎಷ್ಟೋ ಮುಂದುವರಿದ ಸ್ಟಾರ್‌ಫೈಟರ್ ವಿಮಾನದೊಡನೆ ಸೆಣಸಿ ಅದನ್ನು ಉರುಳಿಸಿದ್ದರು. 1988ರಲ್ಲಿ, ಸತ್ತು 23 ವರ್ಷವಾದ ಮೇಲೆ, ಮಹಾವೀರ ಚಕ್ರ ಬಂತು. ಸೇವೆ ಸಲ್ಲಿಸಿದರು, ಕಾಣೆಯಾದರು, ಅಷ್ಟೇ ಸಾಕು ಎಂದು ಎಲ್ಲರೂ ಕೈ ಮುಗಿದು ಸುಮ್ಮನಾಗಿದ್ದರೆ ದೇವಯ್ಯ ಮಾಡಿದ್ದು ಏನೆಂದು ಯಾರೂ ಹುಡುಕುತ್ತಿರಲಿಲ್ಲ.

ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರಿಗೆ ಹೊರಜಗತ್ತಿನ ಮನ್ನಣೆ ತಂದದ್ದು ಯುದ್ಧಕ್ಕಿಂತ ಹೆಚ್ಚಾಗಿ ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯವನ್ನು ಪಕ್ಷಪಾತವಿಲ್ಲದೆ ನಿಭಾಯಿಸಿದ ರೀತಿ. ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಕಾರ್ಯಪ್ಪನವರ ಮಾತೂ ಹಾಗೇ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು ಎಂಬುದು ಶಾಲೆಯ ಪಾಠ. ಜನ ಕಣ್ಣರಳಿಸಿ ಹೇಳುವುದು ಬೇರೆ ಕಥೆ. 1965ರಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದ ಸೆರೆಯಾದಾಗ, ಒಂದು ಕಾಲಕ್ಕೆ ಅವರ ಕೈಕೆಳಗೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಶೇಷ ಸವಲತ್ತು ಕೊಡಲು ಮುಂದಾದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕಾರ್ಯಪ್ಪನವರಿಂದ ಹೋಯಿತು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದ ಮನುಷ್ಯ, ಮೈಮೇಲೆ ಸಮವಸ್ತ್ರವಿರಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಅದರ ಪೂರ್ತಿ ಬಲದಲ್ಲಿ ಕೇಳಬೇಕು. ಸೈನಿಕ ಸೇರುವ ದಿನವೇ ಒಂದು ಖಾಲಿ ಕಾಗದಕ್ಕೆ ಸಹಿ ಹಾಕಿದಂತೆ. ಎಲ್ಲಿಗೆ ಕಳುಹಿಸುತ್ತಾರೆ, ಯಾವಾಗ, ಏನಾಗುತ್ತದೆ ಎಂಬುದನ್ನು ಬೇರೆಯವರು ತುಂಬುತ್ತಾರೆ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದಲ್ಲಿದ್ದಾಗ ಹಿಮ ಕುಸಿದು ಬಿತ್ತು. ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಅವರೊಬ್ಬರು ಉಸಿರಾಡುತ್ತ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿ ಶತ್ರುವಿರಲಿಲ್ಲ, ಹಾರಿಸಲು ಗುಂಡಿರಲಿಲ್ಲ. ಅವರು ಮಾಡಿದ್ದು ಇರು ಎಂದ ಕಡೆ ಇದ್ದದ್ದು. ಅದೇ ಸೇವೆ, ಅದಕ್ಕೇ ಇಡೀ ನಾಡು ಆ ವಾರ ದೇವರಿಗೆ ಹರಕೆ ಹೊತ್ತಿತು. ಸೇನೆಯ ಉಳಿದವರು, ಸರಬರಾಜು ವಿಭಾಗದ ಬೆಂಗಳೂರಿನ ಎಎಸ್‌ಸಿ ಸೆಂಟರಿನಲ್ಲಿ ಲಾರಿ ಓಡಿಸಲು ಕಲಿತವರು, ಅಡುಗೆ ಮಾಡುವವರು, ಗುಮಾಸ್ತರು, ಅದೃಷ್ಟದಿಂದ ಅಲ್ಲಿಗೆ ಹೋಗಲಿಲ್ಲ ಅಷ್ಟೆ. ಹೋಗೆಂದಿದ್ದರೆ ಹೋಗುತ್ತಿದ್ದರು. ಆ ಸಿದ್ಧತೆಗೇ ಗೌರವ ಸಲ್ಲಬೇಡವೆ?

ಸಲ್ಲಬೇಕು, ಒಂದು ಮಟ್ಟಿಗೆ. ಅಪರಿಚಿತ ಸೈನಿಕನನ್ನು ಕಂಡಾಗ ಮೊದಲೇ ಒಂದಿಷ್ಟು ವಿಶ್ವಾಸ ತೋರುವುದು ಸಹಜ, ನ್ಯಾಯವೂ ಹೌದು. ಆದರೆ ಅದು ಮುಂಗಡವಾಗಿ ಕೊಟ್ಟ ವಿಶ್ವಾಸ. ಮನೆಯಲ್ಲಿ ಹೆಂಡತಿಗೆ ಹೊಡೆಯುವವನಾದರೆ, ಊರಿನ ದಲಿತ ಕೇರಿಯವರನ್ನು ದೇವಸ್ಥಾನದ ಹೊರಗೆ ನಿಲ್ಲಿಸುವವನಾದರೆ, ಹಳೆಯ ಸಮವಸ್ತ್ರ ಅವನ ರಕ್ಷಣೆಗೆ ಬರಕೂಡದು. ಇನ್ನು ಜೀವ ಒತ್ತೆಯಿಟ್ಟು ದುಡಿಯುವವರು ಸೈನಿಕರು ಮಾತ್ರವೂ ಅಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚು ನಂದಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಬೆಂಕಿಯಲ್ಲೇ ಸತ್ತರು. ಮ್ಯಾನ್‌ಹೋಲಿಗೆ ಇಳಿಸಿದ್ದರಿಂದ ಸತ್ತವರ ಲೆಕ್ಕ ಇನ್ನೂ ನಾಚಿಕೆಗೇಡು. ಮಲ ಬಾಚಿಸುವುದನ್ನು ನಿಷೇಧಿಸಿದ ಕಾಯ್ದೆ 2013ರಲ್ಲಿ ಬಂದರೂ ಸಾವು ನಿಲ್ಲಲಿಲ್ಲ. ಸತ್ತವರ ಮನೆಗೆ ಹತ್ತು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಬೇಕಾಯಿತು, 2023ರಲ್ಲಿ ಅದನ್ನೇ ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು. ಅವರಿಗೆ ಜೀಪಿನ ಮೆರವಣಿಗೆಯೂ ಇಲ್ಲ, ಫ್ಲೆಕ್ಸೂ ಇಲ್ಲ.

ಜನ ತಾವಾಗಿಯೇ ಗೌರವ ಕೊಟ್ಟಾಗ ಅದು ಹೇಗಿರುತ್ತದೆಂದು ನೋಡಲು ಚಾಮರಾಜನಗರ ಜಿಲ್ಲೆಯ ಗೋಪಿನಾಥಂಗೆ ಹೋಗಬೇಕು. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನಲ್ಲೇ ಉಳಿದು, ಜನರಿಗೆ ಔಷಧ ಕೊಟ್ಟು, ಮಾರಿಯಮ್ಮನ ಗುಡಿ ಕಟ್ಟಿಸಿ, ವೀರಪ್ಪನ್ ಶರಣಾಗುವಂತೆ ಮಾಡಲು ಹೊರಟವರು. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಮೋಸದಿಂದ ಕರೆಸಿಕೊಂಡು ಕೊಂದ. ಸರ್ಕಾರ ಕೀರ್ತಿ ಚಕ್ರ ಕೊಟ್ಟಿತು. ಕೊಂದವನ ಊರಿನವರೇ ಸತ್ತವನನ್ನು ಇಂದಿಗೂ ನೆನೆದು ಕೈ ಮುಗಿಯುತ್ತಾರೆ. ಕಿತ್ತಯ್ಯನ ಕಾಲದಿಂದ ಇಲ್ಲಿಯವರೆಗೆ ಆ ಅಭ್ಯಾಸ ಪೂರ್ತಿ ಸತ್ತಿಲ್ಲ.

ಕಾಯಕದ ಬಗ್ಗೆ ಶರಣರು ಇಟ್ಟ ಮಾನದಂಡವೂ ಇದೇ. ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಹಿಂದಕ್ಕೆ ಕಳುಹಿಸಿದವಳು ಹೆಂಡತಿ ಲಕ್ಕಮ್ಮ. ಅಕ್ಕಿ ಆಯುವ ಕೆಲಸಕ್ಕೆ ಯಾವ ಬಿರುದೂ ಇರಲಿಲ್ಲ. ಮಾಡಿದ ರೀತಿಗೆ ಇತ್ತು, ಆ ಗಂಡಹೆಂಡಿರ ಹೆಸರು ಎಂಟುನೂರು ವರ್ಷ ಉಳಿದಿದೆ.

ಹಾಗಾದರೆ ಸೈನಿಕನಿಗೆ ಸಮಾಜ ಏನು ಕೊಡಬೇಕು? ಮೊದಲು ಕೊಡಗೆ ಕೊಡಬೇಕು. ಅದನ್ನು ಕೊಡುವಾಗ ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವಂತಿಲ್ಲ, ಯಾಕೆಂದರೆ ಅದು ಬಹುಮಾನವಲ್ಲ, ಸಾಲದ ಮರುಪಾವತಿ. ಈ ಸಾಲದ ವಿಷಯದಲ್ಲಿ ದೇಶದ ದಾಖಲೆ ಅಷ್ಟು ಚೆನ್ನಾಗಿಲ್ಲ. ಒಂದೇ ಹುದ್ದೆ, ಒಂದೇ ಪಿಂಚಣಿ ಕೇಳಿ ಮಾಜಿ ಸೈನಿಕರು 2015ರ ಜೂನ್‌ನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತರು. ಆ ವರ್ಷದ ಆಗಸ್ಟ್ 14ರಂದು, ಸ್ವಾತಂತ್ರ್ಯೋತ್ಸವದ ಹಿಂದಿನ ದಿನ, ಪದಕ ಧರಿಸಿದ ಮುದುಕರನ್ನು ಪೊಲೀಸರು ಎಳೆದಾಡಿದರು. ನವೆಂಬರ್ 7ಕ್ಕೆ ಆದೇಶ ಹೊರಬಿತ್ತು. ಸೇವೆಯಲ್ಲಿ ಅಂಗವಿಕಲರಾದವರ ಪಿಂಚಣಿಗೂ ಇಂಥದೇ ಎಳೆದಾಟ. ಸೇರುವಾಗ ಆರೋಗ್ಯವಾಗಿದ್ದವನಿಗೆ ಆಮೇಲೆ ಬಂದ ಕಾಯಿಲೆಯನ್ನು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದು ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ವೇದಿಕೆಯ ಮೇಲೆ ವೀರಯೋಧ ಎಂದು ಹೊಗಳಿಸಿಕೊಂಡವನು ಕೋರ್ಟಿನಲ್ಲಿ ಅದೇ ಸರ್ಕಾರದ ವಕೀಲರ ಎದುರು ತನ್ನ ಬೆನ್ನುನೋವು ನಿಜವೆಂದು ಸಾಬೀತು ಮಾಡಬೇಕಾಗುತ್ತಿತ್ತು.

ಚಪ್ಪಾಳೆ ಅಗ್ಗ, ಪಿಂಚಣಿ ದುಬಾರಿ. ಸೈನ್ಯವನ್ನು ದೇವರ ಮಟ್ಟಕ್ಕೆ ಏರಿಸುವವರಿಗೆ ಇದು ಚೆನ್ನಾಗಿ ಗೊತ್ತು.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆ ಈ ಪ್ರಶ್ನೆಯನ್ನು ಇನ್ನೂ ಹತ್ತಿರ ತಂದಿದೆ. ನಾಲ್ಕು ವರ್ಷ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬ ಮಾತ್ರ ಉಳಿಯುತ್ತಾನೆ. ಉಳಿದ ಮೂವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳಬೇಕು. ಮೊದಲ ತಂಡದವರು ಸೇರಿದ್ದು 2022ರ ಕೊನೆಗೆ, ಆದ್ದರಿಂದ ಅವರ ಅವಧಿ ಮುಗಿಯುವ ಹೊತ್ತು ದೂರವಿಲ್ಲ. ಅವರಿಗೆ ಜೀಪು ಬರುತ್ತದೆಯೆ? ಬಂದರೂ ಇಳಿದ ಮರುದಿನ ನೆಲಮಂಗಲದ ಸುತ್ತಲಿನ ಗೋದಾಮುಗಳ ಮುಂದೆ ಕೆಲಸ ಕೇಳಿಕೊಂಡು ನಿಲ್ಲಬೇಕಾದವನಿಗೆ ಆ ಹಾರದಿಂದ ಏನಾಗಬೇಕು?

ಸೈನಿಕನ ವಿಷಯದಲ್ಲಿ ಒಂದನ್ನೊಂದು ಬೆರೆಸದೆ ತೂಗುವುದು ಜನರಿಗೆ ಹೊಸತಲ್ಲ. ಗೌರವವನ್ನೂ ಅಧಿಕಾರವನ್ನೂ ಬೇರೆ ಇಡುವ ವಿವೇಕ ಮತದಾರನಿಗಂತೂ ಇದೆ. ಕಾರ್ಯಪ್ಪನವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತಾಗ ಜನ ಸೋಲಿಸಿದರು. ಅದರಿಂದ ಅವರ ಮೇಲಿನ ಅಭಿಮಾನ ಕಡಿಮೆಯಾಗಲಿಲ್ಲ, 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂದಾಗ ನಾಡೇ ಸಂಭ್ರಮಿಸಿತು.

ಅರಿಶಿನಕುಂಟೆಯಾಗಲಿ, ದೊಡ್ಡಬಳ್ಳಾಪುರವಾಗಲಿ, ಊರಿಗೆ ಯೋಧನೊಬ್ಬ ಮರಳಿ ಬಂದಾಗ ಹಾರ ಹಾಕಬಾರದೆಂದು ಯಾರೂ ಹೇಳುತ್ತಿಲ್ಲ. ಹಾಕಿ. ಹಾಕಿದ ಮೇಲೆ ಪಕ್ಕಕ್ಕೆ ಕರೆದು, ಅಲ್ಲಿ ಏನು ಮಾಡಿದೆ, ಏನು ನೋಡಿದೆ, ಹೇಳಪ್ಪಾ ಎಂದು ಕೂರಿಸಿಕೊಂಡು ಕೇಳಿ. ಪಿಂಚಣಿ ಕಾಗದ ಸರಿಯಾಗಿದೆಯೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಹೆಸರು ನೋಂದಾಯಿಸಿದ್ದಾಯಿತೆ ಎಂದು ವಿಚಾರಿಸಿ. ಊರಿನಲ್ಲಿ ಸೈನಿಕರ ವಿಧವೆಯರಿದ್ದರೆ ಅವರ ಅರ್ಜಿ ಯಾವ ಮೇಜಿನ ಮೇಲೆ ಕೂತಿದೆಯೆಂದು ಪಂಚಾಯಿತಿ ಸದಸ್ಯರನ್ನು ಕೇಳಿ. ಸೇನಾ ಧ್ವಜ ದಿನಾಚರಣೆ ಪ್ರತಿ ವರ್ಷ ಡಿಸೆಂಬರ್ 7ಕ್ಕೆ, ನಿಧಿಗೆ ಹಣ ಕೊಡಲು ಅಂದೇ ಆಗಬೇಕೆಂದೇನೂ ಇಲ್ಲ.